ಇಡೀ ಸಂಜೆ ಫೋರೆ: ಕಾಯರ್ ಕಾನ್ಸರ್ಟ್‌ಗೆ ಹೊರಟವರಿಗೆ ಒಂದು ಮಾರ್ಗದರ್ಶಿ

ಪ್ಯಾರಿಸ್, ಲಂಡನ್ ಕಡೆ ಇರುವ ಕನ್ನಡಿಗರು ಈ ಪೋಸ್ಟರನ್ನು ನೋಡಿಯೇ ಇರುತ್ತೀರಿ. ಯಾವುದೋ ಹಳೆಯ ಚರ್ಚಿನ ಬಾಗಿಲಲ್ಲಿ, ಇಲ್ಲವೇ ಮೆಟ್ರೊ ಗೋಡೆಯ ಮೇಲೆ 'ಫೋರೆ: ರೆಕ್ವಿಯಮ್' ಎಂದು ದೊಡ್ಡದಾಗಿ ಬರೆದಿರುತ್ತದೆ. ಫೋರೆ ಎಂದರೆ ಫ್ರಾನ್ಸಿನ ಒಬ್ಬ ಸಂಗೀತ ರಚನೆಕಾರ, ರೆಕ್ವಿಯಮ್ ಎಂದರೆ ತೀರಿಕೊಂಡವರಿಗಾಗಿ ಚರ್ಚಿನಲ್ಲಿ ಮಾಡುವ ಪೂಜೆಯ ಸಂಗೀತ. ಕೆಳಗೆ ಒಂದು ಕಾಯರ್‌ನ, ಅಂದರೆ ಗುಂಪಾಗಿ ಹಾಡುವವರ ತಂಡದ ಹೆಸರು, ಒಂದು ಆರ್ಕೆಸ್ಟ್ರಾದ ಹೆಸರು. ಕೆಲವೊಮ್ಮೆ ಆಫೀಸಿನಲ್ಲಿ ಪಕ್ಕದ ಟೇಬಲಿನವರೇ ಆ ಕಾಯರ್‌ನಲ್ಲಿ ಹಾಡುತ್ತಿರುತ್ತಾರೆ, ಬನ್ನಿ ಅಂತ ಕರೆಯುತ್ತಾರೆ. ಹೋಗಬೇಕು ಅನ್ನಿಸುತ್ತದೆ. ಆದರೆ ಅಲ್ಲಿ ಏನು ಕೇಳಬೇಕು, ಎಲ್ಲಿ ಕೂರಬೇಕು, ಯಾವಾಗ ಚಪ್ಪಾಳೆ ಹೊಡೆಯಬೇಕು ಎಂದು ಗೊತ್ತಿರಲ್ಲ. ಈ ಬರಹ ಅಂಥವರಿಗೆ.

ಒಬ್ಬನೇ ಸಂಗೀತಗಾರನ ಕೃತಿಗಳಿಗೆ ಇಡೀ ಸಂಜೆ ಮೀಸಲಿಡುವುದು ಎಲ್ಲರ ವಿಷಯದಲ್ಲೂ ಚೆನ್ನಾಗಿರುವುದಿಲ್ಲ. ಫೋರೆ ವಿಷಯದಲ್ಲಿ ಚೆನ್ನಾಗಿರುತ್ತದೆ, ಆದರೆ ಒಂದು ಷರತ್ತು ಇದೆ. ಈತನ ಸಂಗೀತ ಜೋರಾಗಿ ಕೂಗಿ ಕರೆಯುವುದಿಲ್ಲ. ಡೋಲು, ಕಹಳೆ, ಗುಡುಗು ಬೇಕೆಂದು ಹೋದರೆ ನಿರಾಸೆಯಾಗುತ್ತದೆ. ಸ್ವಲ್ಪ ತಯಾರಿ ಮಾಡಿಕೊಂಡು, ಸರಿಯಾದ ಜಾಗದಲ್ಲಿ ಕೂತರೆ ಮಾತ್ರ ಇದು ಕಿವಿಗೆ ಇಳಿಯುತ್ತದೆ.

ಮೊದಲು ಆಸಾಮಿಯ ಪರಿಚಯ, ಚುಟುಕಾಗಿ

ಗೇಬ್ರಿಯಲ್ ಫೋರೆ ಹುಟ್ಟಿದ್ದು 1845ರ ಮೇ 12ರಂದು, ದಕ್ಷಿಣ ಫ್ರಾನ್ಸಿನ ಪಾಮಿಯೇ ಎಂಬ ಊರಿನಲ್ಲಿ. ಒಂಬತ್ತನೇ ವಯಸ್ಸಿಗೇ ಪ್ಯಾರಿಸ್‌ನ ನೀಡರ್‌ಮೇಯರ್ ಶಾಲೆಗೆ ಸೇರಿಸಿದರು. ಅದು ಚರ್ಚುಗಳಿಗೆ ಸಂಗೀತಗಾರರನ್ನು ತಯಾರು ಮಾಡುವ ಶಾಲೆ. ಅಲ್ಲಿ ಪಿಯಾನೊ ಕಲಿಸಿದ ಸಂಗೀತ ರಚನೆಕಾರ ಸೇಂಟ್-ಸಾನ್ಸ್ ಕೊನೆಯವರೆಗೂ ಗೆಳೆಯನಾಗಿ ಉಳಿದ. ಮುಂದೆ ಪ್ಯಾರಿಸ್‌ನ ಮಡ್‌ಲೆನ್ ಚರ್ಚಿನಲ್ಲಿ 1877ರಿಂದ ಕಾಯರ್ ಮಾಸ್ಟರ್, 1896ರಿಂದ ಮುಖ್ಯ ಆರ್ಗನ್ (ಚರ್ಚಿನ ದೊಡ್ಡ ಕೊಳವೆ ವಾದ್ಯ) ವಾದಕ. 1905ರಿಂದ 1920ರವರೆಗೆ ಪ್ಯಾರಿಸ್ ಕನ್ಸರ್ವೇಟರಿ ಎಂಬ ಸಂಗೀತ ಕಾಲೇಜಿನ ನಿರ್ದೇಶಕ. ಮುಂದೆ ದೊಡ್ಡ ಹೆಸರು ಮಾಡಿದ ಸಂಗೀತಗಾರರಾದ ರವೆಲ್, ಎನೆಸ್ಕು, ನಾದಿಯಾ ಬೂಲಾಂಜೆ ಎಲ್ಲರೂ ಈತನ ಶಿಷ್ಯರೇ. ಕೊನೆಯ ಇಪ್ಪತ್ತು ವರ್ಷ ಕಿವಿ ಕೈಕೊಟ್ಟಿತ್ತು. ಕಿವುಡು ಅಷ್ಟೇ ಅಲ್ಲ, ಕೇಳಿಸಿದ ಸ್ವರಗಳೂ ತಪ್ಪು ಶ್ರುತಿಯಲ್ಲಿ ಕೇಳಿಸುತ್ತಿದ್ದವು. ಆದರೂ ಬರೆಯುವುದನ್ನು ನಿಲ್ಲಿಸಲಿಲ್ಲ. 1924ರ ನವೆಂಬರ್ 4ರಂದು ತೀರಿಕೊಂಡ. ಅಂತ್ಯಕ್ರಿಯೆ ನಡೆದದ್ದು ಅದೇ ಮಡ್‌ಲೆನ್ ಚರ್ಚಿನಲ್ಲಿ, ತಾನೇ ಬರೆದ ರೆಕ್ವಿಯಮ್‌ನೊಂದಿಗೆ.

ಪೋಸ್ಟರಿನಲ್ಲಿ ಏನಿದೆ ನೋಡಿ

ರೆಕ್ವಿಯಮ್ ಒಂದೇ ಆದರೆ ಸುಮಾರು 35 ನಿಮಿಷ, ಅಷ್ಟೇ. ಅದರಿಂದ ಒಂದು ಸಂಜೆ ತುಂಬುವುದಿಲ್ಲ. ಹಾಗಾಗಿ ಮೊದಲ ಭಾಗದಲ್ಲಿ ಫೋರೆಯ ಬೇರೆ ಸಣ್ಣ ಕೃತಿಗಳನ್ನು ಜೋಡಿಸುತ್ತಾರೆ. ಹೆಚ್ಚಾಗಿ ಕಾಣುವುದು ಇವು: 'ಕಾಂತಿಕ್ ದ ಜಾನ್ ರಸೀನ್', 'ಪಾವಾನ್', 'ಪೆಲೆಯಾಸ್ ಎ ಮೆಲಿಸಾಂದ್' ನಾಟಕದ ಸಂಗೀತದಿಂದ ಆಯ್ದ ನಾಲ್ಕು ತುಣುಕು, ಕೆಲವು ಕಡೆ 'ಮಾಸ್ಕ್ ಎ ಬರ್ಗಮಾಸ್ಕ್'. ಒಬ್ಬ ಒಳ್ಳೆಯ ಚೆಲ್ಲೊ (ಪಿಟೀಲಿನ ಜಾತಿಯ ದೊಡ್ಡ, ಕೆಳದನಿಯ ವಾದ್ಯ) ವಾದಕ ಸಿಕ್ಕಿದ್ದರೆ 'ಎಲೆಜಿ'ಯನ್ನೂ ಸೇರಿಸುತ್ತಾರೆ.

ಈ ಪಟ್ಟಿಯಲ್ಲಿ ಮೂರು ನಾಲ್ಕಾದರೂ ಇದ್ದರೆ ಟಿಕೆಟ್ ತಗೊಳ್ಳಿ. ಪೋಸ್ಟರಿನಲ್ಲಿ ರೆಕ್ವಿಯಮ್ ಜೊತೆಗೆ ಬೇರೆ ಯಾರ್‍ಯಾರದೋ ಜನಪ್ರಿಯ ಹಾಡುಗಳ ಸಾಲು ಇದ್ದರೆ ಅದು ಪ್ರವಾಸಿಗರಿಗಾಗಿ ಮಾಡಿದ ಕಾರ್ಯಕ್ರಮ. ಅದೂ ಕೆಟ್ಟದ್ದೇನಲ್ಲ. ಆದರೆ ಒಬ್ಬನೇ ಮನುಷ್ಯನ ಜೊತೆ ಒಂದು ಸಂಜೆ ಕಳೆದ ಹಾಗಾಗುವುದಿಲ್ಲ.

ಯಾವ ರೆಕ್ವಿಯಮ್? ಇದನ್ನು ಕೇಳದೆ ಟಿಕೆಟ್ ತಗೋಬೇಡಿ

ಬಹಳ ಜನ ಗಮನಿಸದ ವಿಷಯ ಇದು. ಹೆಸರು ಒಂದೇ ಆದರೂ ಈ ಕೃತಿಗೆ ಬೇರೆ ಬೇರೆ ರೂಪಗಳಿವೆ. ಯಾವುದನ್ನು ನುಡಿಸುತ್ತಾರೆ ಎನ್ನುವುದರ ಮೇಲೆ ಸಂಜೆಯ ಬಣ್ಣವೇ ಬದಲಾಗುತ್ತದೆ.

ಮೊದಲ ರೂಪ 1888ರ ಜನವರಿ 16ರಂದು ಮಡ್‌ಲೆನ್‌ನಲ್ಲಿ ಹಾಡಿದ್ದು. ಸಂದರ್ಭ ಕಾನ್ಸರ್ಟ್ ಅಲ್ಲ, ಲೆಸೂಫಾಶೆ ಎಂಬ ವಾಸ್ತುಶಿಲ್ಪಿಯ ಶವಸಂಸ್ಕಾರದ ಪೂಜೆ. ಆಗ ಇದ್ದದ್ದು ಐದೇ ಭಾಗ. ವಾದ್ಯಗಳೂ ಕೈಬೆರಳೆಣಿಕೆ: ವಿಯೋಲಾ (ಪಿಟೀಲಿಗಿಂತ ಸ್ವಲ್ಪ ದೊಡ್ಡದು), ಚೆಲ್ಲೊ, ಡಬಲ್ ಬೇಸ್ (ಚೆಲ್ಲೊಗಿಂತಲೂ ದೊಡ್ಡದು), ಹಾರ್ಪ್ (ನಿಲ್ಲಿಸಿ ಮೀಟುವ ತಂತಿವಾದ್ಯ), ಟಿಂಪನಿ (ದೊಡ್ಡ ನಗಾರಿ), ಆರ್ಗನ್. ಪಿಟೀಲು ಒಂದೇ ಒಂದು, ಅದೂ ಒಂದೇ ಭಾಗದಲ್ಲಿ. ಆ ಚರ್ಚಿನ ಕಾಯರ್‌ನಲ್ಲಿ ಹೆಂಗಸರಿಗೆ ಜಾಗವಿರಲಿಲ್ಲ. ಹಾಗಾಗಿ ಈಗ ನಾವು ಸೊಪ್ರಾನೊ, ಅಂದರೆ ಎತ್ತರದ ದನಿಯ ಗಾಯಕಿಯಿಂದ ಕೇಳುವ ಭಾಗವನ್ನು ಅವತ್ತು ಹಾಡಿದ್ದು ಒಬ್ಬ ಹುಡುಗ. ಪೂಜೆ ಮುಗಿದ ಮೇಲೆ ಪಾದ್ರಿ ಫೋರೆಯನ್ನು ಕರೆದು, ಇಂಥ ಹೊಸ ಹೊಸದೆಲ್ಲ ನಮಗೆ ಯಾಕೆ, ಇರುವುದೇ ಸಾಕಷ್ಟಿದೆಯಲ್ಲ ಎಂದು ಗೊಣಗಿದರಂತೆ.

ಎರಡನೆಯ ರೂಪ 1893ರದ್ದು. ಆ ಹೊತ್ತಿಗೆ ಫೋರೆ ಇನ್ನೆರಡು ಭಾಗ ಸೇರಿಸಿದ್ದ. ಅದರಲ್ಲಿ 'ಲಿಬೆರಾ ಮೆ' ಎನ್ನುವುದು 1877ರಲ್ಲೇ ಬರೆದಿಟ್ಟಿದ್ದು. ವಾದ್ಯಗಳಿಗೆ ಹಾರ್ನ್, ಟ್ರಂಪೆಟ್ ಸೇರಿದರೂ ಒಟ್ಟು ದನಿ ಸಣ್ಣದೇ, ಗಾಢ ಕಂದು ಬಣ್ಣದ್ದು.

ಮೂರನೆಯದು 1900ರ ದೊಡ್ಡ ಆರ್ಕೆಸ್ಟ್ರಾ ರೂಪ. ಪ್ರಕಾಶಕರಿಗೆ ಕಾನ್ಸರ್ಟ್ ಹಾಲ್‌ಗಳಲ್ಲಿ ನುಡಿಸುವಂಥದ್ದು ಬೇಕಿತ್ತು. ಆ ವರ್ಷ ಪ್ಯಾರಿಸ್‌ನಲ್ಲಿ ನಡೆದ ವಿಶ್ವ ಪ್ರದರ್ಶನದ ಹೊತ್ತಿನಲ್ಲಿ, ಜುಲೈ 12ರಂದು, ತ್ರೊಕಾದೆರೊ ಎಂಬ ದೊಡ್ಡ ಸಭಾಂಗಣದಲ್ಲಿ ಪಾಲ್ ತಫಾನೆಲ್ ಆರ್ಕೆಸ್ಟ್ರಾದ ಮುಂದೆ ನಿಂತು ಇದನ್ನು ನಡೆಸಿಕೊಟ್ಟರು. ಮುಂದೆ ಬಹಳ ಕಾಲ ಜಗತ್ತು ಕೇಳಿದ್ದು ಈ ರೂಪವನ್ನೇ. 1893ರ ರೂಪ ಮತ್ತೆ ಹೊರಬಂದದ್ದು 1980ರ ದಶಕದಲ್ಲಿ, ಇಂಗ್ಲೆಂಡಿನ ಸಂಗೀತ ರಚನೆಕಾರ ಜಾನ್ ರಟರ್ ಅದನ್ನು ಸಂಪಾದಿಸಿದ ಮೇಲೆ. ಆಮೇಲೆ ಫ್ರಾನ್ಸಿನ ಸಂಗೀತ ವಿದ್ವಾಂಸ ಜಾನ್-ಮಿಶೆಲ್ ನೆಕ್ತೂ ಕೂಡ ಒಂದು ಆವೃತ್ತಿ ತಂದರು.

ನನ್ನ ಸಲಹೆ ನೇರ. ಕಾನ್ಸರ್ಟ್ ಚರ್ಚಿನಲ್ಲಾದರೆ 1893ರ ರೂಪವನ್ನೇ ಹುಡುಕಿ. ಕಲ್ಲಿನ ಕಟ್ಟಡದಲ್ಲಿ ದನಿ ಬಹಳ ಹೊತ್ತು ಸುತ್ತುತ್ತದೆ, ದೊಡ್ಡ ಆರ್ಕೆಸ್ಟ್ರಾ ಅಲ್ಲಿ ಕಲಸಿ ಹೋಗುತ್ತದೆ. ಕಾನ್ಸರ್ಟ್ ಹಾಲ್ ಆದರೆ 1900ರದ್ದೇ ಸರಿ. ಅಲ್ಲಿ ಸಣ್ಣ ರೂಪ ಬಡವಾಗಿ ಕೇಳಿಸಬಹುದು. ಕಾಯರ್‌ನ ವೆಬ್‌ಸೈಟಿನಲ್ಲಿ '1893', 'ರಟರ್', 'ನೆಕ್ತೂ' ಎಂದೇನಾದರೂ ಇದ್ದರೆ ಸಣ್ಣ ರೂಪ. ಏನೂ ಹೇಳಿರದಿದ್ದರೆ ಒಂದು ಮೇಲ್ ಹಾಕಿ ಕೇಳಿ. ಹವ್ಯಾಸಿ ಕಾಯರ್‌ಗಳಂತೂ ಇಂಥ ಪ್ರಶ್ನೆ ಬಂದರೆ ಖುಷಿಯಾಗಿ ಉತ್ತರ ಬರೆಯುತ್ತಾರೆ. ಕೆಲವು ಕಡೆ ಆರ್ಕೆಸ್ಟ್ರಾವೇ ಇಲ್ಲದೆ ಬರೀ ಆರ್ಗನ್ ಇಟ್ಟುಕೊಂಡು ಹಾಡುತ್ತಾರೆ. ಅದನ್ನೂ ಮೊದಲೇ ತಿಳಿದುಕೊಂಡರೆ ಒಳ್ಳೆಯದು, ಅಲ್ವಾ?

ಸೀಟು

ಚರ್ಚ್ ಕಾನ್ಸರ್ಟ್‌ಗಳಲ್ಲಿ ಸಾಮಾನ್ಯವಾಗಿ ಸೀಟ್ ನಂಬರ್ ಇರಲ್ಲ. ದರಕ್ಕೆ ತಕ್ಕಂತೆ ಮುಂದಿನ, ನಡುವಿನ, ಹಿಂದಿನ ಭಾಗ ಎಂದು ಬಿಟ್ಟಿರುತ್ತಾರೆ, ಅದರೊಳಗೆ ಮೊದಲು ಬಂದವರಿಗೆ ಮೊದಲು. ಅರ್ಧ ಗಂಟೆ ಮುಂಚೆ ಹೋಗಿ. ತೀರಾ ಮುಂದಿನ ಸಾಲು ಬೇಡ: ಅಲ್ಲಿ ಚೆಲ್ಲೊಗಳು ಮಾತ್ರ ಕೇಳಿಸುತ್ತವೆ, ಹಿಂದೆ ಎತ್ತರದಲ್ಲಿ ನಿಂತ ಕಾಯರ್ ನಿಮ್ಮ ತಲೆಯ ಮೇಲಿಂದ ಹಾದು ಹೋಗುತ್ತದೆ. ತೀರಾ ಹಿಂದೆಯೂ ಬೇಡ, ಅಲ್ಲಿಗೆ ಮಾತು ತಲುಪುವುದಿಲ್ಲ. ಮುಂದಿನಿಂದ ಮೂರನೇ ಒಂದು ಭಾಗದಷ್ಟು ದೂರ, ನಡು ದಾರಿಯ ಪಕ್ಕ ಸಿಕ್ಕರೆ ಬಿಡಬೇಡಿ. ಕಂಬದ ಹಿಂದಿನ ಅಗ್ಗದ ಸೀಟು ಕೂಡ ಫೋರೆಗೆ ಪರವಾಗಿಲ್ಲ, ನೋಡುವಂಥದ್ದು ಇಲ್ಲಿ ಕಡಿಮೆ.

ಫಿಲಾರ್ಮನಿ ದ ಪಾರಿ ಥರದ ಹಾಲ್‌ಗಳಲ್ಲಿ ವೇದಿಕೆಯ ಸುತ್ತಲೂ ಸೀಟುಗಳಿವೆ. ಪಕ್ಕದ, ಹಿಂದಿನ ಸೀಟು ಅಗ್ಗ. ಬರೀ ಆರ್ಕೆಸ್ಟ್ರಾ ಆದರೆ ಅಲ್ಲಿ ಕೂತು ಕಂಡಕ್ಟರ್ (ಎದುರು ನಿಂತು ಕೈಸನ್ನೆಯಲ್ಲಿ ಎಲ್ಲರನ್ನೂ ನಡೆಸುವವರು) ಮುಖ ನೋಡುವುದು ಮಜಾ. ಹಾಡುವವರಿದ್ದಾಗ ಮಾತ್ರ ಅಲ್ಲಿ ಕೂರಬೇಡಿ, ದನಿ ಅವರ ಬಾಯಿ ತಿರುಗಿದ ಕಡೆಗೆ ಹೋಗುತ್ತದೆ. ವಿದ್ಯಾರ್ಥಿಗಳು ಟಿಕೆಟ್ ಕೊಳ್ಳುವಾಗ ರಿಯಾಯಿತಿ ದರ ಇದೆಯಾ ಕೇಳಿ, ಬಹಳ ಕಡೆ ಇರುತ್ತದೆ.

ಸಾವಿನ ಹಾಡು, ಹೋಗಬಹುದಾ?

ಊರಿನಿಂದ ಅಪ್ಪ ಅಮ್ಮ ಬಂದಿದ್ದರೆ ಈ ಪ್ರಶ್ನೆ ಬರುತ್ತದೆ. ಸತ್ತವರಿಗಾಗಿ ಮಾಡುವ ಪೂಜೆಯ ಸಂಗೀತವನ್ನು ಸುಮ್ನೆ ಒಂದು ಶನಿವಾರ ಸಂಜೆ ಹೋಗಿ ಕೇಳುವುದೇ? ಅಲ್ಲಿನವರು ಇದನ್ನು ಹಾಗೆ ನೋಡುವುದಿಲ್ಲ. ವರ್ಷವಿಡೀ ಕಾನ್ಸರ್ಟ್ ಆಗಿ ನಡೆಯುತ್ತದೆ. ಕ್ಯಾಥೊಲಿಕರು ತೀರಿಕೊಂಡವರನ್ನು ನೆನೆಯುವ ನವೆಂಬರ್ 2ರ ಆಸುಪಾಸಿನಲ್ಲಿ ಸ್ವಲ್ಪ ಜಾಸ್ತಿ.

ಫೋರೆಯ ತಂದೆ 1885ರಲ್ಲಿ, ತಾಯಿ 1887ರ ಕೊನೆಯ ದಿನ ತೀರಿಕೊಂಡರು. ಅವರಿಗಾಗಿಯೇ ಬರೆದದ್ದು ಎಂದು ಬಹಳ ಕಡೆ ಓದುತ್ತೀರಿ. ಆತ ಮಾತ್ರ ಮುಂದೊಮ್ಮೆ ಒಂದು ಪತ್ರದಲ್ಲಿ, ಇದನ್ನು ಯಾವ ಕಾರಣಕ್ಕೂ ಬರೆಯಲಿಲ್ಲ, ಸಂತೋಷಕ್ಕೆ ಬರೆದೆ ಎಂದಿದ್ದಾನೆ. ಈ ಕೃತಿಯಲ್ಲಿ ಸಾವಿನ ಭಯವೇ ಇಲ್ಲ, ಇದು ಸಾವಿನ ಜೋಗುಳ ಎಂದು ಯಾರೋ ಟೀಕಿಸಿದ್ದರು. 1902ರಲ್ಲಿ ಅದಕ್ಕೆ ಉತ್ತರ ಕೊಡುತ್ತಾ, ತನಗೆ ಸಾವು ಕಾಣುವುದೇ ಹಾಗೆ, ಅದು ನೋವಿಗಿಂತ ಹೆಚ್ಚಾಗಿ ಒಂದು ಸುಖದ ಬಿಡುಗಡೆ ಎಂದ. ಹಿರಿಯರನ್ನು ಧೈರ್ಯವಾಗಿ ಕರೆದುಕೊಂಡು ಹೋಗಿ. ಇತ್ತೀಚೆಗೆ ಮನೆಯಲ್ಲಿ ಯಾರನ್ನಾದರೂ ಕಳೆದುಕೊಂಡಿದ್ದರೆ ಮಾತ್ರ ಇದು ಏನು ಎಂದು ಮೊದಲೇ ಹೇಳಿಬಿಡಿ.

ಮನೆಯಲ್ಲಿ ತಯಾರಿ

ವಾರ ಮೊದಲೇ ಒಂದು ರೆಕಾರ್ಡಿಂಗ್ ಹಾಕಿಕೊಳ್ಳಿ. ಯೂಟ್ಯೂಬಿನಲ್ಲಿ 1893ರದ್ದು, 1900ರದ್ದು ಎರಡೂ ರೂಪಗಳು ಸಿಗುತ್ತವೆ. ಮೊದಲ ಸಲ ಅಡುಗೆ ಮಾಡುತ್ತಾ ಕೇಳಿದರೂ ಸಾಕು. ಎರಡನೇ ಸಲ ಇಯರ್‌ಫೋನ್ ಹಾಕಿಕೊಂಡು, ಸಾಹಿತ್ಯ ಮುಂದಿಟ್ಟುಕೊಂಡು ಕೇಳಿ.

ಭಾಷೆ ಲ್ಯಾಟಿನ್. ಪದಗಳು ಕಡಿಮೆ, ಮತ್ತೆ ಮತ್ತೆ ಬರುತ್ತವೆ. 'ರೆಕ್ವಿಯಮ್' ಎಂದರೆ ವಿಶ್ರಾಂತಿ, 'ಲುಕ್ಸ್' ಎಂದರೆ ಬೆಳಕು, 'ದೋನಾ ಏಯಿಸ್' ಎಂದರೆ ಅವರಿಗೆ ಕೊಡು. ಈ ಮೂರು ಗೊತ್ತಿದ್ದರೆ ಅರ್ಧ ದಾರಿ ಸಾಗಿದ ಹಾಗೆ. ಕೆಲವು ಕಾಯರ್‌ಗಳು ಫೋರೆ ಕಾಲದ ಫ್ರೆಂಚ್ ರೀತಿಯಲ್ಲಿ ಲ್ಯಾಟಿನ್ ಉಚ್ಚರಿಸುತ್ತಾರೆ. ಆಗ 'ಲುಕ್ಸ್' ಎನ್ನುವಲ್ಲಿ ತುಟಿ ಉರುಟಾಗಿಸಿ ಇಕಾರ ಹೇಳಿದಂತೆ ಕೇಳಿಸುತ್ತದೆ, ಗಾಬರಿಯಾಗಬೇಡಿ.

ಇನ್ನು ನಮ್ಮ ಕಿವಿಯ ಅಭ್ಯಾಸದ ಒಂದು ಮಾತು. ಕರ್ನಾಟಕ ಸಂಗೀತ, ಭಾವಗೀತೆ ಕೇಳಿ ಬೆಳೆದವರು ರಾಗದ ಒಂದು ಎಳೆಯನ್ನು ಹಿಡಿದು ಹೋಗುತ್ತೇವೆ. ಶ್ರುತಿ ಕದಲುವುದಿಲ್ಲ, ಅದರ ಮೇಲೆ ರಾಗ ಓಡಾಡುತ್ತದೆ. ಫೋರೆಯಲ್ಲಿ ಎಷ್ಟೋ ಕಡೆ ಇದು ತಿರುಗುಮುರುಗು. ಮೇಲಿನ ಹಾಡು ಬಹುತೇಕ ನಿಂತಲ್ಲೇ ನಿಂತಿರುತ್ತದೆ, ಅದರ ಅಡಿಯ ಸ್ವರಗಳು ಸರಿಯುತ್ತವೆ. ಹಾಗಾಗಿ ಸೊಪ್ರಾನೊಗಳನ್ನೇ ಹಿಡಿದು ಕೂರಬೇಡಿ. ಆಗಾಗ ಕಿವಿಯನ್ನು ಕೆಳಗಿನ ಚೆಲ್ಲೊ, ವಿಯೋಲಾ ಕಡೆ ಇಳಿಸಿ. ಅಲ್ಲೇ ಅವನ ಕೆಲಸ ಎಲ್ಲ ನಡೆಯುವುದು.

ಆ ದಿನ

ಹಳೆಯ ಚರ್ಚುಗಳು ಚಳಿಗಾಲದಲ್ಲಿ ಒಳಗೂ ತಣ್ಣಗಿರುತ್ತವೆ. ಕೋಟು ತೆಗೆಯದೆ ಕೂತವರನ್ನು ಯಾರೂ ವಿಚಿತ್ರವಾಗಿ ನೋಡುವುದಿಲ್ಲ. ಮರದ ಬೆಂಚು, ಹುಲ್ಲಿನ ಕುರ್ಚಿ ಗಟ್ಟಿ. ಬೆನ್ನು ನೋವಿದ್ದವರು ಒಂದು ಸಣ್ಣ ದಿಂಬು ತನ್ನಿ. ಶೌಚಾಲಯ ಇಲ್ಲದ ಚರ್ಚುಗಳೂ ಇವೆ, ಆದ್ದರಿಂದ ಮೊದಲೇ ಯಾವುದಾದರೂ ಕಾಫಿ ಅಂಗಡಿಗೆ ಹೋಗಿ ಬನ್ನಿ. ಸೂಟು, ರೇಷ್ಮೆ ಸೀರೆ ಕಡ್ಡಾಯವಲ್ಲ, ಉಟ್ಟರೆ ಚೆಂದ. ಕೆಮ್ಮಿಗೆ ಪೆಪ್ಪರ್‌ಮಿಂಟ್ ಇಟ್ಟುಕೊಳ್ಳಿ, ಆದರೆ ಅದರ ಕಾಗದವನ್ನು ಮೊದಲೇ ಬಿಚ್ಚಿಡಿ. ಈ ಸಂಗೀತದಲ್ಲಿ ಪರಪರ ಸದ್ದು ಕೊನೆಯ ಸಾಲಿಗೂ ಕೇಳುತ್ತದೆ. ಫೋನ್ ಸೈಲೆಂಟ್ ಮಾಡಿದರೆ ಸಾಲದು, ಆಫ್ ಮಾಡಿ.

ಮಕ್ಕಳ ವಿಷಯ: ಎಂಟು ಹತ್ತು ವರ್ಷದವರು ಮೊದಲ ಭಾಗ ಆರಾಮವಾಗಿ ಕೂರುತ್ತಾರೆ. ಅದಕ್ಕಿಂತ ಚಿಕ್ಕವರಾದರೆ ಬಾಗಿಲ ಬಳಿಯ ಸೀಟೇ ಸರಿ.

ಚಪ್ಪಾಳೆಗೆ ಒಂದೇ ನಿಯಮ. ಭಾಗ ಭಾಗದ ನಡುವೆ ಬೇಡ. ಮನಸ್ಸಿಗೆ ಹಿಡಿಸಿದ ಕೂಡಲೇ 'ಭಲೇ' ಅನ್ನುವ ನಮ್ಮ ಸಭೆಯ ಪದ್ಧತಿ ಇಲ್ಲಿಲ್ಲ. ಪೂರ್ತಿ ಕೃತಿ ಮುಗಿದು, ಕಂಡಕ್ಟರ್ ಕೈ ಕೆಳಗಿಳಿಸಿ, ಪಕ್ಕದವರು ಶುರು ಮಾಡಿದ ಮೇಲೆ ನೀವೂ ಸೇರಿಕೊಳ್ಳಿ.

ಮೊದಲ ಭಾಗದಲ್ಲಿ ಏನು ಕೇಳಬೇಕು

'ಕಾಂತಿಕ್' ಬರೆದಾಗ ಫೋರೆಗೆ ಇನ್ನೂ ಇಪ್ಪತ್ತು ತುಂಬಿರಲಿಲ್ಲ. ಶಾಲೆಯಲ್ಲಿ 1865ರಲ್ಲಿ ಇದಕ್ಕೆ ಮೊದಲ ಬಹುಮಾನ ಬಂತು. ಸಾಹಿತ್ಯ ಫ್ರೆಂಚ್, ಹಳೆಯ ಲ್ಯಾಟಿನ್ ಸ್ತೋತ್ರವೊಂದನ್ನು 17ನೇ ಶತಮಾನದ ನಾಟಕಕಾರ ರಸೀನ್ ಫ್ರೆಂಚಿಗೆ ತಂದದ್ದು. ಐದಾರು ನಿಮಿಷದ ಹಾಡು. ಬೇಸ್ (ಕೆಳದನಿಯ) ಗಂಡಸರು ಶುರು ಮಾಡುತ್ತಾರೆ, ಅವರ ಮೇಲೆ ಟೆನರ್ (ಎತ್ತರದ ದನಿಯ ಗಂಡಸರು), ಆಮೇಲೆ ಆಲ್ಟೊ (ಕೆಳದನಿಯ ಹೆಂಗಸರು), ಕೊನೆಗೆ ಸೊಪ್ರಾನೊ. ಕೆಳಗಿನಿಂದ ಒಂದೊಂದೇ ದನಿ ಏರುವುದನ್ನು ಎಣಿಸಿ. ಕಾಯರ್‌ನ ನಾಲ್ಕು ದನಿಗಳನ್ನು ಬಿಡಿಸಿ ಕೇಳಲು ಇದಕ್ಕಿಂತ ಸುಲಭ ಪಾಠ ಸಿಗಲ್ಲ.

'ಪಾವಾನ್' 1887ರದ್ದು. ತಂತಿವಾದ್ಯಗಳನ್ನು ಬೆರಳಲ್ಲಿ ಮೀಟುತ್ತಾರೆ, ಅದರ ಮೇಲೆ ಕೊಳಲು ತನ್ನ ಕೆಳಗಿನ ಸ್ಥಾಯಿಯಲ್ಲಿ ಹಾಡುತ್ತದೆ. ಇದಕ್ಕೆ ಕಾಯರ್ ಸೇರಿಸಿದ್ದು ಆಮೇಲೆ, ಕವಿ ರೊಬೇರ್ ದ ಮಾಂತೆಸ್ಕ್ಯೂ ಬರೆದ ಸಾಹಿತ್ಯದೊಂದಿಗೆ. ಪ್ರೇಮಿಗಳ ಹುಡುಗಾಟದ ಮಾತು ಅದು, ಅರ್ಥ ತಿಳಿಯದಿದ್ದರೆ ನಷ್ಟವಿಲ್ಲ. ನನಗಂತೂ ಕಾಯರ್ ಇಲ್ಲದ ಪಾವಾನ್ ಇನ್ನೂ ಇಷ್ಟ.

'ಪೆಲೆಯಾಸ್' ಹುಟ್ಟಿದ್ದು ಪ್ಯಾರಿಸ್‌ನಲ್ಲಲ್ಲ, ಲಂಡನ್ನಿನಲ್ಲಿ. ನಾಟಕಕಾರ ಮೇಟರ್‌ಲಿಂಕ್‌ನ ಈ ನಾಟಕವನ್ನು 1898ರಲ್ಲಿ ಅಲ್ಲಿ ಇಂಗ್ಲಿಷಿನಲ್ಲಿ ಆಡಿಸಿದಾಗ ಬೇಕಾದ ಸಂಗೀತ ಇದು. ಸಮಯ ಸಾಲದೆ ಫೋರೆ, ರಂಗಕ್ಕೆ ಬೇಕಾದ ವಾದ್ಯ ಹೊಂದಿಕೆಯನ್ನು ಶಿಷ್ಯ ಕೋಷ್ಲಾಂನಿಂದ ಮಾಡಿಸಿದ. ಎರಡನೇ ತುಣುಕಿನಲ್ಲಿ ರಾಟೆ ತಿರುಗುವ ಸದ್ದನ್ನು ಪಿಟೀಲುಗಳು ಕೊಡುತ್ತವೆ. ಮೂರನೆಯದು, ಕೊಳಲು ಮತ್ತು ಹಾರ್ಪ್ ಇರುವ 'ಸಿಸಿಲಿಯೆನ್', ಎಲ್ಲೋ ಕೇಳಿದ್ದೇನಲ್ಲ ಅನ್ನಿಸುವಷ್ಟು ಪರಿಚಿತ. ನಾಲ್ಕನೆಯದು ನಾಟಕದ ನಾಯಕಿ ಮೆಲಿಸಾಂದ್‌ಳ ಸಾವು. ಇದಾದ ಮೇಲೆ ವಿರಾಮ ಇದ್ದರೆ ಹೊರಗೆ ಹೋಗಿ ಕಾಲಾಡಿಸಿ ಬನ್ನಿ.

ರೆಕ್ವಿಯಮ್, ಭಾಗ ಭಾಗವಾಗಿ

ಒಟ್ಟು ಏಳು ಭಾಗ. ಬೇರೆಯವರ ರೆಕ್ವಿಯಮ್‌ಗಳಲ್ಲಿ ಕೊನೆಯ ತೀರ್ಪಿನ ದಿನದ ಭಯಂಕರ ವರ್ಣನೆಗೆ ಒಂದು ದೊಡ್ಡ ಭಾಗವೇ ಇರುತ್ತದೆ. ಫೋರೆ ಅದನ್ನು ತೆಗೆದುಹಾಕಿದ, ಅದರ ಕೊನೆಯ ಎರಡು ಸಾಲು ಮಾತ್ರ ಉಳಿಸಿಕೊಂಡ. ಅವೇ ನಾಲ್ಕನೇ ಭಾಗದ 'ಪಿಯೆ ಯೇಸು'.

ಶುರುವಿನಲ್ಲಿ ವಾದ್ಯಗಳೆಲ್ಲ ಒಂದೇ ಸ್ವರವನ್ನು ಜೋರಾಗಿ ಹಿಡಿಯುತ್ತವೆ, ಕಾಯರ್ ಬಹಳ ಮೆಲ್ಲಗೆ 'ರೆಕ್ವಿಯಮ್' ಎನ್ನುತ್ತದೆ. ಆಮೇಲೆ ಟೆನರ್‌ಗಳು ಒಂದು ಉದ್ದದ ಹಾಡನ್ನು ಎತ್ತಿಕೊಳ್ಳುತ್ತಾರೆ. ಕಿವಿಯಲ್ಲಿ ಇಟ್ಟುಕೊಳ್ಳಿ, 'ಕಿರಿಯೆ' ಎನ್ನುವಲ್ಲಿ ಅದೇ ಮತ್ತೆ ಬರುತ್ತದೆ. ಎರಡನೇ ಭಾಗ ಕತ್ತಲಿನದ್ದು, ನಡುವೆ ಬ್ಯಾರಿಟೋನ್ (ಟೆನರ್, ಬೇಸ್‌ಗಳ ನಡುವಿನ ದನಿಯ) ಗಾಯಕ ಒಬ್ಬನೇ ಹಾಡುತ್ತಾನೆ. ಇಲ್ಲಿ ಸ್ವಲ್ಪ ನಿದ್ದೆ ಬಂದರೆ ನಾಚಿಕೊಳ್ಳಬೇಡಿ. ಮೂರನೆಯದು 'ಸಾಂಕ್ಟುಸ್'. ಹಾರ್ಪ್ ಅಲೆ ಅಲೆಯಾಗಿ ಸಾಗುತ್ತದೆ, ಮೇಲೆ ಪಿಟೀಲು ತೇಲುತ್ತದೆ, ಹೆಂಗಸರೂ ಗಂಡಸರೂ ಒಬ್ಬರಿಗೊಬ್ಬರು ಉತ್ತರ ಕೊಡುತ್ತಾರೆ. 'ಹೊಸಾನ್ನಾ' ಎನ್ನುವಲ್ಲಿ ಹಾರ್ನ್‌ಗಳು ಥಟ್ಟನೆ ಎದ್ದು ನಿಲ್ಲುತ್ತವೆ.

'ಪಿಯೆ ಯೇಸು' ಮೂರು ನಾಲ್ಕು ನಿಮಿಷ, ಒಂದೇ ದನಿ. ಆ ಗಾಯಕಿಗೆ ಇಡೀ ಸಂಜೆಯಲ್ಲಿ ಇದೊಂದೇ ಕೆಲಸ. ಅಷ್ಟು ಹೊತ್ತು ಸುಮ್ಮನೆ ಕೂತಿದ್ದು, ಗಂಟಲು ತಣ್ಣಗಾಗಿರುವಾಗ ಎದ್ದು ಇದನ್ನು ಹಾಡುವುದು ಎಷ್ಟು ಕಷ್ಟ ಎನ್ನುವುದು ಹಾಡುವವರಿಗೇ ಗೊತ್ತು. ಕೆಲವು ಕಡೆ ಹುಡುಗನಿಂದ ಹಾಡಿಸುತ್ತಾರೆ. ಸಿಕ್ಕರೆ ಅದನ್ನೇ ಕೇಳಿ.

ಐದನೆಯ 'ಆನ್ಯುಸ್ ದೇಯಿ'ಯಲ್ಲಿ ಒಂದು ಜಾಗ ಇದೆ, ಟಿಕೆಟ್ ದುಡ್ಡು ಅಲ್ಲಿಗೇ ಸರಿಹೋಗುತ್ತದೆ. ಹಾಡು ನಿಲುಗಡೆಗೆ ಬರುತ್ತದೆ. ಸೊಪ್ರಾನೊಗಳು ಮಾತ್ರ 'ಲುಕ್ಸ್' ಎಂಬ ಪದವನ್ನು ಒಂದೇ ಸ್ವರದಲ್ಲಿ ಹಿಡಿದು ನಿಲ್ಲುತ್ತಾರೆ. ಸ್ವರ ಕದಲುವುದಿಲ್ಲ. ಆದರೆ ಉಳಿದವರು ಅಡಿಯಲ್ಲಿ ಬಂದು ಸೇರುವಾಗ ಶ್ರುತಿಯೇ ಬೇರೆ ಆಗಿರುತ್ತದೆ, ಅದೇ ಸ್ವರಕ್ಕೆ ಹೊಸ ಬಣ್ಣ ಬರುತ್ತದೆ. ಮೇಲಿನದು ನಿಂತು ಕೆಳಗಿನದು ಸರಿಯುವುದು ಎಂದೆನಲ್ಲ, ಅದು ಇದೇ. ಮನೆಯಲ್ಲಿ ಈ ಜಾಗವನ್ನು ಹುಡುಕಿ ನಾಲ್ಕು ಸಲ ಕೇಳಿಕೊಂಡು ಹೋಗಿ. ಸ್ವಲ್ಪ ಹೊತ್ತಿನಲ್ಲೇ ಮೊದಲ ಭಾಗದ ಆರಂಭ ಮತ್ತೆ ಬರುತ್ತದೆ.

ಆರನೆಯ 'ಲಿಬೆರಾ ಮೆ' ಬ್ಯಾರಿಟೋನ್‌ನದ್ದು. ಕೆಳಗೆ ಡಬಲ್ ಬೇಸ್‌ಗಳು ಹೆಜ್ಜೆ ಹಾಕಿದಂತೆ ಮೀಟುತ್ತಾ ಹೋಗುತ್ತವೆ. ಇಡೀ ಕೃತಿಯಲ್ಲಿ ಬಿರುಗಾಳಿ ಅನ್ನಬಹುದಾದ್ದು ಇಲ್ಲಿಯ ನಡುಭಾಗ ಮಾತ್ರ, ಅದೂ ಬೇಗ ಮುಗಿಯುತ್ತದೆ. ಆಮೇಲೆ ಬ್ಯಾರಿಟೋನ್ ಹಾಡಿದ್ದನ್ನೇ ಇಡೀ ಕಾಯರ್ ಒಂದೇ ದನಿಯಲ್ಲಿ ಹಾಡುತ್ತದೆ. ಒಳ್ಳೆಯ ಕಾಯರ್ ಯಾವುದು, ಸಾಧಾರಣ ಯಾವುದು ಎಂದು ಇಲ್ಲಿ ಗೊತ್ತಾಗುತ್ತದೆ. ನಾಲ್ಕು ದನಿಯಾಗಿ ಹಾಡುವುದಕ್ಕಿಂತ ಅಷ್ಟು ಜನ ಒಂದಾಗಿ ಹಾಡುವುದು ಕಷ್ಟ.

ಕೊನೆಯದು 'ಇನ್ ಪಾರಾದಿಸುಮ್'. ಇದು ರೆಕ್ವಿಯಮ್ ಪೂಜೆಯ ಪಾಠದ್ದಲ್ಲ, ದೇಹವನ್ನು ಸಮಾಧಿಗೆ ಒಯ್ಯುವಾಗ ಹೇಳುವ ಪಾಠ. ಆರ್ಗನ್ ಒಂದೇ ಸಮನೆ ಸಣ್ಣ ಸ್ವರಗಳನ್ನು ಹೆಣೆಯುತ್ತದೆ, ಸೊಪ್ರಾನೊಗಳು ಮೇಲೆ ಹಾಡುತ್ತಾರೆ, 'ಜೆರುಸಲೆಮ್' ಎನ್ನುವಲ್ಲಿ ಉಳಿದವರು ಸೇರುತ್ತಾರೆ. ಕೃತಿಯ ಮೊದಲ ಪದ 'ರೆಕ್ವಿಯಮ್', ಕೊನೆಯ ಪದವೂ 'ರೆಕ್ವಿಯಮ್'. ಕೊನೆ ಎಷ್ಟು ಮೆಲ್ಲಗೆ ಎಂದರೆ ಮುಗಿಯಿತೋ ಇಲ್ಲವೋ ಎಂದು ಅನುಮಾನ ಬರುತ್ತದೆ. ಕಂಡಕ್ಟರ್ ಕೈ ನೋಡುತ್ತಿರಿ.

ಹಾಡುವ ಆಸೆ ಹುಟ್ಟಿದರೆ

ಇದೂ ಆಗುವ ಮಾತೇ. ಇಂಗ್ಲೆಂಡಿನಲ್ಲಿ ಬಹಳ ಊರುಗಳಲ್ಲಿ ಒಂದು ದಿನದ ಹಾಡುಗೂಟ ನಡೆಯುತ್ತದೆ. ಬೆಳಗ್ಗೆ ಯಾರು ಬೇಕಾದರೂ ಬರಬಹುದು, ಆಡಿಷನ್ ಇಲ್ಲ, ದಿನವಿಡೀ ಅಭ್ಯಾಸ, ಸಂಜೆ ಪ್ರದರ್ಶನ. ಇದಕ್ಕೆ ಫೋರೆಯ ರೆಕ್ವಿಯಮ್ ಆರಿಸಿಕೊಳ್ಳುವುದು ಸಾಮಾನ್ಯ, ಯಾಕೆಂದರೆ ಚಿಕ್ಕದು, ವಿಪರೀತ ಎತ್ತರದ ಸ್ವರಗಳಿಲ್ಲ. ಸ್ಟಾಫ್ ನೊಟೇಷನ್ (ಗೆರೆಗಳ ಮೇಲೆ ಸ್ವರ ಬರೆಯುವ ಪದ್ಧತಿ) ಸ್ವಲ್ಪ ಓದಲು ಬಂದರೆ ಸಾಕು. ಹಳೆಯ ಸ್ಕೋರ್‌ಗೆ, ಅಂದರೆ ಸ್ವರ ಬರೆದ ಪುಸ್ತಕಕ್ಕೆ, ಕಾಪಿರೈಟ್ ಮುಗಿದಿದೆ, ಇಂಟರ್ನೆಟ್ಟಿನಲ್ಲಿ ಉಚಿತವಾಗಿ ಸಿಗುತ್ತದೆ. ಆದರೆ ಆಯೋಜಕರು ಯಾವ ಆವೃತ್ತಿ ಬಳಸುತ್ತಾರೆ ಎಂದು ಕೇಳಿಯೇ ಪ್ರಿಂಟ್ ಹಾಕಿಕೊಳ್ಳಿ, ಪುಟದ ನಂಬರ್ ಬೇರೆ ಬೇರೆ ಇರುತ್ತದೆ. ಗಂಡಸರಿಗೆ ಟೆನರ್ ದನಿ ಇದ್ದರೆ ಬಾಗಿಲಲ್ಲೇ ಸ್ವಾಗತ, ಎಲ್ಲ ಕಾಯರ್‌ಗಳಲ್ಲೂ ಟೆನರ್‌ಗಳದ್ದೇ ಕೊರತೆ. ಹೆಂಗಸರು ಮೊದಲ ಸಲಕ್ಕೆ ಸೊಪ್ರಾನೊ ಸಾಲಿನಲ್ಲಿ ನಿಲ್ಲಿ. ಆಲ್ಟೊ ಸಾಲು ಕೇಳಲು ಸುಲಭ ಅನ್ನಿಸಿದರೂ ನಡುವಿನ ದನಿಯನ್ನು ಹಿಡಿದಿಟ್ಟುಕೊಳ್ಳುವುದಕ್ಕೆ ಅಭ್ಯಾಸ ಬೇಕು. ಪೆನ್ಸಿಲ್ ಒಯ್ಯಿರಿ, ಪೆನ್ ಬೇಡ.